ಹಳೆ ರೌಟರ್‌ಗಳಿಂದ ಮಾಳಿಗೆಗೂ ಅಂಗಳದಾಚೆಯ ಶೆಡ್‌ಗೂ ವೈಫೈ ತಲುಪಿಸಬಹುದಾ?

ಮಲೆನಾಡಮನೆ
ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮ ಮನೆ. ಹಳೆ ಕಾಲದ್ದು, ಮಣ್ಣು-ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಫೈಬರ್ ಬಂದಿದೆ. ನೆಟ್ ಕಂಪನಿಯವರು ಕೊಟ್ಟ ಪೆಟ್ಟಿಗೆ ಜಗಲಿಯಲ್ಲಿ ಕೂತಿದೆ. ಒಳಗೆ ಹಾಕಿ ಅಂದರೆ "ವೈರ್ ಇಲ್ಲಿವರೆಗೆ ಮಾತ್ರ ಸರ್" ಅಂತ ಹೇಳಿ ಹೋದರು.

ನನಗೆ ಬೇಕಾಗಿರುವುದು ಎರಡು ಕಡೆ. ಒಂದು, ಮಾಳಿಗೆಯ ಹಿಂದಿನ ಕೋಣೆ. ತಂಗಿ ಅಲ್ಲಿಂದ ಆಫೀಸ್ ಕೆಲಸ ಮಾಡುತ್ತಾಳೆ, ಮೀಟಿಂಗ್ ಮಧ್ಯೆ ಕಟ್ ಆದರೆ ಬೈಗುಳ ನನಗೆ. ಎರಡನೆಯದು ಅಂಗಳದಾಚೆಯ ಅಡಿಕೆ ಸುಲಿಯುವ ಶೆಡ್. ಸುಮಾರು 50 ಮೀಟರ್ ದೂರ. ಅಲ್ಲಿ ಒಂದು ಕ್ಯಾಮೆರಾ ಹಾಕಬೇಕು. ಅಡಿಕೆ ರೇಟು ಗೊತ್ತಲ್ಲ.

ಕೈಯಲ್ಲಿರುವ ಸಾಮಾನು: ಒಂದು ಟಿಪಿ-ಲಿಂಕ್ 841ಎನ್ ರೌಟರ್, ಮತ್ತೆ ಲ್ಯಾಂಡ್‌ಲೈನ್ ಕಾಲದ ಎಡಿಎಸ್ಎಲ್ ಮೋಡೆಮ್ (ವೈಫೈ ಇದೆ, ಹಿಂದೆ ನಾಲ್ಕು ಲ್ಯಾನ್ ಪೋರ್ಟ್). ಈಗ 841 ಅನ್ನು ನಡುಮನೆಯಲ್ಲಿಟ್ಟು ಡಬ್ಲ್ಯುಡಿಎಸ್ ಬ್ರಿಡ್ಜ್ (ಜಗಲಿಯ ವೈಫೈ ಹಿಡಿದು ಮುಂದಕ್ಕೆ ದಾಟಿಸುವ ವ್ಯವಸ್ಥೆ) ಮಾಡಿದ್ದೇನೆ. ಬೆಳಗ್ಗೆ ಚೆನ್ನಾಗಿರುತ್ತದೆ, ಸಂಜೆ ಹೊತ್ತಿಗೆ ಸತ್ತುಹೋಗುತ್ತದೆ. ಆಫ್ ಮಾಡಿ ಆನ್ ಮಾಡಿದರೂ ಕೆಲವೊಮ್ಮೆ ಬರುವುದಿಲ್ಲ. ಇದೇ ಸಾಮಾನಲ್ಲಿ ಕೆಲಸ ಆಗುತ್ತಾ, ಇಲ್ಲಾ ಹೊಸದು ತರಬೇಕಾ?

ಜಯನಗರ4
ಮೆಶ್ ತಗೊಂಡುಬಿಡಿ ಸರ್, ಅಲ್ಲಲ್ಲಿ ಇಟ್ಟರೆ ಸೇರಿ ಒಂದೇ ವೈಫೈ ಆಗುವ ಪೆಟ್ಟಿಗೆಗಳ ಸೆಟ್. ಹಳೆ ಡಬ್ಬಗಳ ಜೊತೆ ಗುದ್ದಾಡಿ ತಲೆ ಕೆಡಿಸಿಕೊಳ್ಳಬೇಡಿ.

ತಂತಿಭಟ್ಟ
ಒಂದೂವರೆ ಅಡಿ ಮಣ್ಣಿನ ಗೋಡೆಗೆ ಮೆಶ್ ಏನು ಮಾಡುತ್ತದೆ? ಅದೂ ರೇಡಿಯೋನೇ, ಇದೂ ರೇಡಿಯೋನೇ. ಮೆಶ್ ಪೆಟ್ಟಿಗೆಗಳು ಒಂದಕ್ಕೊಂದು ಮಾತಾಡುವುದು ಹೆಚ್ಚಾಗಿ 5 ಗಿಗಾಹರ್ಟ್ಸ್‌ನಲ್ಲಿ. ಗೋಡೆ ದಾಟುವುದರಲ್ಲಿ ಅದು 2.4ಕ್ಕಿಂತ ಕಡೆ. ದುಡ್ಡು ಸುರಿದ ಮೇಲೆ ಅದೇ ಕತೆ.

ಮಾಳಿಗೆ ಕೋಣೆಗೆ ಕೇಬಲ್ ಎಳೆಯಿರಿ. ಮನೆ ಒಳಗೇ ಅಲ್ವಾ, ಅಟ್ಟದ ಮೇಲಿಂದ ತೊಲೆ ಪಕ್ಕ ಹಾಯಿಸಿದರೆ ಕಣ್ಣಿಗೂ ಕಾಣುವುದಿಲ್ಲ. ಕ್ಯಾಟ್5ಇ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಅಂಗಡಿಯಲ್ಲಿ ಪೂರ್ತಿ ತಾಮ್ರದ್ದೇ ಕೇಳಿ. ಅಗ್ಗದ್ದರಲ್ಲಿ ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ, ಬಗ್ಗಿಸಿದ ಕಡೆ ಮುರಿಯುತ್ತದೆ.

ಆಮೇಲೆ 841 ಅನ್ನು ಬ್ರಿಡ್ಜ್ ಮಾಡುವ ಗೋಜೇ ಇಲ್ಲ. ಅದರ ಲ್ಯಾನ್ ಐಪಿ (ಮನೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಬದಲಿಸಿ. ಓಎನ್‌ಟಿ (ಜಗಲಿಯ ಫೈಬರ್ ಪೆಟ್ಟಿಗೆ) 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಡಿಎಚ್‌ಸಿಪಿ, ಅಂದರೆ ಐಪಿ ಹಂಚುವ ಕೆಲಸ, ಆಫ್ ಮಾಡಿ. ಓಎನ್‌ಟಿಯಿಂದ ಬಂದ ಕೇಬಲ್ಲನ್ನು 841ರ ಹಳದಿ ಲ್ಯಾನ್ ಪೋರ್ಟ್‌ಗೆ ಚುಚ್ಚಿ. ನೀಲಿ ವಾನ್ ಪೋರ್ಟ್ ಮುಟ್ಟಲೇಬೇಡಿ. ಈಗ ಅದು ರೌಟರ್ ಅಲ್ಲ, ಸ್ವಿಚ್ ಜೊತೆ ಒಂದು ಆಕ್ಸೆಸ್ ಪಾಯಿಂಟ್, ತಂತಿಯಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವುದಷ್ಟೇ ಕೆಲಸ. ನಿಮ್ಮ ಎಡಿಎಸ್ಎಲ್ ಮೋಡೆಮನ್ನೂ ಹೀಗೇ ಬಳಸಬಹುದು, ಫೋನ್ ಲೈನ್ ತೂತು ಖಾಲಿ ಬಿಟ್ಟರಾಯಿತು.

ಓಎನ್‌ಟಿ ಎಷ್ಟರಿಂದ ಎಷ್ಟರವರೆಗೆ ಐಪಿ ಹಂಚುತ್ತದೆ ಅಂತ ಮೊದಲು ನೋಡಿ. 2ರಿಂದಲೇ ಶುರುವಾಗಿದ್ದರೆ 100ರಿಂದ ಶುರು ಮಾಡಿಸಿ. ಇಲ್ಲದಿದ್ದರೆ ಯಾವುದೋ ಫೋನಿಗೆ ಅದೇ ನಂಬರ್ ಹೋಗಿ ಜಗಳ ಆಗುತ್ತದೆ.

ಹುಬ್ಬಳ್ಳಿಮಂದಿ
ಡಿಎಚ್‌ಸಿಪಿ ಆಫ್ ಮಾಡುವುದು ಭಾಳ ಮುಖ್ಯ ರೀ. ಎರಡು ಡಬ್ಬಿ ಸೇರಿ ಐಪಿ ಹಂಚಿದರೆ ಫೋನ್‌ನಲ್ಲಿ ವೈಫೈ ಕಡ್ಡಿ ಫುಲ್, ನೆಟ್ ಮಾತ್ರ ಇಲ್ಲ. ಅರ್ಧ ಮಂದಿ "ರೌಟರ್ ಕೆಟ್ಟೈತಿ" ಅಂತ ಹೇಳುವುದು ಇದಕ್ಕೇ.

ಪ್ಯಾಕೆಟ್‌ಪಾರಿವಾಳ
ಕೇಬಲ್ ಸಲಹೆ ಸರಿ. ಆದರೆ ಅವರು ಕೇಳಿದ್ದು ಸಂಜೆ ಹೊತ್ತಿಗೆ ಯಾಕೆ ಸಾಯುತ್ತದೆ ಅಂತ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಮಲೆನಾಡಮನೆ, ಓಎನ್‌ಟಿಯಲ್ಲಿ 2.4 ಗಿಗಾಹರ್ಟ್ಸ್ ಚಾನೆಲ್ 'ಆಟೋ' ಇದೆಯಾ ನೋಡಿ. ಬ್ರಿಡ್ಜ್ ಮಾಡುವಾಗ 841 'ಸರ್ವೇ'ಯಲ್ಲಿ ಸಿಕ್ಕ ಚಾನೆಲ್ಲನ್ನೇ ಹಿಡಿದು ಕೂರುತ್ತದೆ. ಓಎನ್‌ಟಿ ತನ್ನ ಪಾಡಿಗೆ 6ರಿಂದ 11ಕ್ಕೆ ಹಾರಿದರೆ 841 ಇನ್ನೂ 6ರಲ್ಲೇ ಕಾಯುತ್ತಿರುತ್ತದೆ. ನೀವು 841 ಎಷ್ಟು ಸಲ ಆಫ್-ಆನ್ ಮಾಡಿದರೂ ಪ್ರಯೋಜನ ಇಲ್ಲ. ಓಎನ್‌ಟಿಯಲ್ಲಿ ಚಾನೆಲ್ 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕಿ. ಅಗಲ 20 ಮೆಗಾಹರ್ಟ್ಸ್ ಇರಲಿ. 12, 13 ಬೇಡ, ರೌಟರ್‌ನಲ್ಲಿ ಪ್ರದೇಶ ಅಮೆರಿಕ ಅಂತ ಇದ್ದರೆ ಅವು ಕಾಣುವುದೇ ಇಲ್ಲ.

ಎನ್‌ಕ್ರಿಪ್ಷನ್ ಕೂಡ ನೋಡಿ. ಡಬ್ಲ್ಯುಪಿಎ2 (ವೈಫೈ ಭದ್ರತೆಯ ಪದ್ಧತಿ) ಜೊತೆ ಎಇಎಸ್ ಇರಬೇಕು. ಹಳೆಯ ಟಿಕೆಐಪಿ ಆಗಿದ್ದರೆ 802.11ಎನ್ (841ರ ವೈಫೈ ಪೀಳಿಗೆ) ವೇಗ ಸಿಗುವುದಿಲ್ಲ, 54 ಎಂಬಿಪಿಎಸ್‌ಗೆ ಇಳಿಯುತ್ತದೆ.

ಮಲೆನಾಡಮನೆ
ಆಟೋ ಇತ್ತು! 6ಕ್ಕೆ ಹಾಕಿದ್ದೇನೆ. ಸಂಜೆ ನೋಡಿ ಹೇಳುತ್ತೇನೆ.

ಕುಡ್ಲದವ
ಮಾರಾಯ್ರೇ, ನಮ್ಮದು ಕೆಂಪುಕಲ್ಲಿನ ಮನೆ. 5 ಗಿಗಾಹರ್ಟ್ಸ್ ಒಂದು ಗೋಡೆ ದಾಟಿದರೆ ಹೆಚ್ಚು. ಮಳೆಗಾಲದಲ್ಲಿ ಗೋಡೆ ನೆನೆದರೆ 2.4 ಕೂಡ ಸುಸ್ತು. ರೌಟರ್ ಎಲ್ಲಿಡುತ್ತೀರಿ ಅನ್ನುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬಾಗಿಲ ನೇರಕ್ಕೆ ಇಡಿ. ಕಬ್ಬಿಣದ ಬೀರು ಪಕ್ಕ, ಫ್ರಿಜ್ ಹಿಂದೆ ಇಡಬೇಡಿ. ನಮ್ಮ ಅತ್ತೆ ಲೈಟ್ ಕಣ್ಣಿಗೆ ಕುಕ್ಕುತ್ತದೆ ಅಂತ ಸ್ಟೀಲ್ ಡಬ್ಬಿ ಕವಚಿಟ್ಟಿದ್ದರು. ಆಮೇಲೆ ಯಾರಿಗೂ ಸಿಗ್ನಲ್ ಇಲ್ಲ.

ಸುಮ್ನೆಓದುಗ
ಸ್ಟೀಲ್ ಡಬ್ಬಿ 😂

ಜಯನಗರ4
ಸರಿ, ಮೆಶ್ ಬೇಡ ಅನ್ನಿ. ಆದರೆ ರಿಪೀಟರ್ ಇಟ್ಟರೆ ವೇಗ ಅರ್ಧ ಆಗುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಶೆಡ್‌ಗೂ ಅದೇ ಗತಿ.

ಪ್ಯಾಕೆಟ್‌ಪಾರಿವಾಳ
ಅರ್ಧ ಆಗುವುದು ಯಾವಾಗ ಅಂತ ಬಿಡಿಸಿ ಹೇಳಬೇಕು. ಒಂದೇ ರೇಡಿಯೋ, ಒಂದೇ ಚಾನೆಲ್. ಓಎನ್‌ಟಿಯಿಂದ ಬಂದ ಪ್ಯಾಕೆಟ್ಟನ್ನು ಗಾಳಿಯಲ್ಲಿ ಕೇಳಿಸಿಕೊಂಡು ಮತ್ತೆ ಗಾಳಿಯಲ್ಲೇ ಫೋನಿಗೆ ಹೇಳಬೇಕು. ಒಂದೇ ಮಾತಿಗೆ ಎರಡು ಸಲ ಗಾಳಿ ಖರ್ಚು. ಅಲ್ಲಿ ಅರ್ಧ ಆಗುತ್ತದೆ, ನಿಜ.

ಶೆಡ್‌ನಲ್ಲಿ ಬೇರೆ ಕತೆ. ರೌಟರ್‌ನ ರೇಡಿಯೋ ಬರೀ ಓಎನ್‌ಟಿ ಜೊತೆ ಮಾತಾಡಲಿ. ಕ್ಯಾಮೆರಾವನ್ನು ರೌಟರ್‌ನ ಲ್ಯಾನ್ ಪೋರ್ಟ್‌ಗೆ ತಂತಿಯಿಂದ ಕೊಡಿ. ಗಾಳಿಯಲ್ಲಿ ಒಂದೇ ಹಾರಾಟ, ಅರ್ಧ ಆಗುವ ಪ್ರಶ್ನೆಯೇ ಇಲ್ಲ. ಡಿಡಿ-ಡಬ್ಲ್ಯುಆರ್‌ಟಿ ಅನ್ನುವ ರೌಟರ್ ತಂತ್ರಾಂಶದಲ್ಲಿ ಇದಕ್ಕೆ ಕ್ಲೈಂಟ್ ಬ್ರಿಡ್ಜ್ ಅನ್ನುತ್ತಾರೆ, ಅರ್ಧ ಮಾಡುವುದಕ್ಕೆ ರಿಪೀಟರ್ ಬ್ರಿಡ್ಜ್ ಅನ್ನುತ್ತಾರೆ. ಜನ ಎರಡನ್ನೂ ಒಂದೇ ಅಂದುಕೊಂಡು ಬೈಯುತ್ತಾರೆ.

ಅಷ್ಟಕ್ಕೂ ಒಂದು 1080ಪಿ ಕ್ಯಾಮೆರಾಕ್ಕೆ 2ರಿಂದ 4 ಎಂಬಿಪಿಎಸ್ ಸಾಕು. ವಿಡಿಯೋ ಮೀಟಿಂಗಿಗೂ ಹತ್ತಿರಹತ್ತಿರ ಅಷ್ಟೇ. ಸ್ಪೀಡ್ ಟೆಸ್ಟ್ ನೋಡಿ ಯಾಕೆ ಕೊರಗುತ್ತೀರಿ?

ತಂತಿಭಟ್ಟ
ಶೆಡ್‌ಗೂ ಕೇಬಲ್ಲೇ ಎಳೆಯಿರಿ ಅಂತೀನಿ. 50 ಮೀಟರ್ ತಾನೇ. ಪೈಪಿನಲ್ಲಿ ಹಾಕಿ ಮಣ್ಣಲ್ಲಿ ಹೂತುಬಿಡಿ. ಮೂವತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ.

ಅಡಿಕೆಗೊನೆ
ಭಟ್ರೇ, ನೀವು ಬೆಂಗಳೂರಲ್ಲಿ ಇದ್ದೀರಿ ಅಂತ ಕಾಣುತ್ತದೆ.

ನಾನು ತೀರ್ಥಹಳ್ಳಿ ಕಡೆಯವನು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ನಮ್ಮಲ್ಲಿ ಹೇಗಿರುತ್ತದೆ ಗೊತ್ತಾ? ನಮ್ಮ ಚಿಕ್ಕಪ್ಪನ ಮನೆಯಲ್ಲಿ ಮನೆಯಿಂದ ಕೊಟ್ಟಿಗೆಗೆ ಲ್ಯಾನ್ ಕೇಬಲ್ ಎಳೆದಿದ್ದರು. ಸಿಡಿಲು ತೋಟದಲ್ಲೆಲ್ಲೋ ಬಿತ್ತು, ಮನೆಗೆ ಬಿದ್ದದ್ದೂ ಅಲ್ಲ. ಆ ತಂತಿಯ ಎರಡೂ ತುದಿಯ ಪೆಟ್ಟಿಗೆ ಹೋಯಿತು. ಟಿವಿಯೂ ಹೋಯಿತು, ಅದೂ ಅದೇ ರೌಟರ್‌ಗೆ ಕಟ್ಟಿದ್ದರು. ಮಜಾ ಏನೆಂದರೆ ಕರೆಂಟ್ ಪ್ಲಗ್ ಕಿತ್ತಿಟ್ಟಿದ್ದರು. ಲ್ಯಾನ್ ಕೇಬಲ್ ಕೀಳಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಎರಡು ಕಟ್ಟಡದ ಮಧ್ಯೆ ಉದ್ದದ ತಾಮ್ರದ ತಂತಿ ಅಂದರೆ ಹತ್ತಿರ ಬಿದ್ದ ಸಿಡಿಲಿನ ವೋಲ್ಟೇಜನ್ನು ನೀವೇ ಕರೆದು ಮನೆಯೊಳಗೆ ಕೂರಿಸಿದಂತೆ. ಹೂತರೂ ಅಷ್ಟೇ. ಶೆಡ್‌ಗೆ ವೈರ್‌ಲೆಸ್ ಬ್ರಿಡ್ಜೇ ಸರಿ.

ತಂತಿಭಟ್ಟ
ಆ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್ ಅಂತ ಒಂದು ಸಾಮಾನು ಇದೆ.

ಅಡಿಕೆಗೊನೆ
ಇದೆ. ಅದಕ್ಕೆ ಸರಿಯಾದ ಅರ್ತಿಂಗ್ ಬೇಕು. ಹಳ್ಳಿ ಮನೆಯ ಅರ್ತಿಂಗ್ ಗುಂಡಿಗೆ ಕೊನೆಗೆ ಯಾರು ನೀರು ಹೊಯ್ದಿದ್ದರು, ಕೇಳಿ ನೋಡಿ.

ಪ್ಯಾಕೆಟ್‌ಪಾರಿವಾಳ
ಇಬ್ಬರದೂ ಒಂದೊಂದು ಕಡೆ ಸರಿ. ಮನೆಯೊಳಗೆ ಕೇಬಲ್, ಕಟ್ಟಡಗಳ ಮಧ್ಯೆ ಗಾಳಿ ಅಥವಾ ಫೈಬರ್. ತಂತಿಯೇ ಬೇಕು ಅಂತ ಹಟ ಇದ್ದರೆ ಎರಡು ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲ್ಲನ್ನು ಬೆಳಕಿಗೆ ಬದಲಿಸುವ ಡಬ್ಬಿ), ಮಧ್ಯೆ ಒಂದೆಳೆ ಫೈಬರ್. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬಕ್ಕೆ ಎಳೆಯುವ ಕೆಲವು ಫೈಬರ್ ಕೇಬಲ್‌ನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ಬಿಡಬೇಕು. ಕನ್ವರ್ಟರ್ ಕೊಳ್ಳುವಾಗ ಎ ಮತ್ತು ಬಿ ಅಂತ ಜೋಡಿ ಕೇಳಿ. ಒಂದು 1310 ನ್ಯಾನೋಮೀಟರ್‌ನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ. ಎರಡೂ ಎ ತಂದರೆ ಲಿಂಕ್ ಬರುವುದೇ ಇಲ್ಲ.

ಮ್ಯೂನಿಕ್‌ಮೈಸೂರು
ಇಲ್ಲಿ ಜರ್ಮನಿಯಲ್ಲಿ ಬಾಡಿಗೆ ಮನೆ, ಗೋಡೆಗೆ ತೂತು ಹೊಡೆಯಲು ಓನರ್ ಬಿಡುವುದಿಲ್ಲ. ಹಾಗಾಗಿ ಹಳೆ ಫ್ರಿಟ್ಜ್‌ಬಾಕ್ಸ್ ರೌಟರನ್ನು ಹೊಸದಕ್ಕೆ ಮೆಶ್ ರಿಪೀಟರ್ ಆಗಿ ಸೇರಿಸಿಕೊಂಡಿದ್ದೇನೆ, ಒಂದು ಬಟನ್ ಒತ್ತಿದರೆ ಆಯಿತು. ಊರಿಗೆ ಬಂದಾಗ ಮೈಸೂರಿನ ಮನೆಯಲ್ಲಿ ಕರೆಂಟ್ ತಂತಿಯಲ್ಲೇ ನೆಟ್ ಒಯ್ಯುವ ಪವರ್‌ಲೈನ್ ಅಡಾಪ್ಟರ್ ಹಾಕಲು ನೋಡಿದೆ. ಕೆಳಗಿನ ಮಹಡಿ ಒಂದು ಫೇಸ್, ಮೇಲಿನದು ಇನ್ನೊಂದು ಫೇಸ್. ಮೇಲಾಗಿ ಇನ್ವರ್ಟರ್ ಲೈನ್ ಬೇರೆ. ವೇಗ ಏನೂ ಬರಲಿಲ್ಲ.

ಹುಬ್ಬಳ್ಳಿಮಂದಿ
ಪವರ್‌ಲೈನ್ ನಮ್ಮ ವೈರಿಂಗಿಗೆ ಅಲ್ಲ ಬಿಡ್ರಿ.

ಮಲೆನಾಡಮನೆ
ಅಪ್‌ಡೇಟ್: ಚಾನೆಲ್ ಕಟ್ಟಿದ ಮೇಲೆ ಬ್ರಿಡ್ಜ್ ಬಿದ್ದಿಲ್ಲ. ಪಾರಿವಾಳ ಅವರಿಗೆ ಒಂದು ಕೆಜಿ ಚಾಲಿ ಅಡಿಕೆ ಬಾಕಿ. ಅಟ್ಟದ ಮೇಲಿಂದ ಕೇಬಲ್ ಹಾಕಲು ಹುಡುಗನನ್ನು ಕರೆದಿದ್ದೇನೆ. ಮಾಳಿಗೆಗೆ ಎಡಿಎಸ್ಎಲ್ ಮೋಡೆಮ್ ಆಕ್ಸೆಸ್ ಪಾಯಿಂಟ್ ಆಗಲಿ, 841 ಶೆಡ್‌ಗೆ ಹೋಗಲಿ ಅಂತ ಯೋಚನೆ. ಎಡಿಎಸ್ಎಲ್ ಮೋಡೆಮ್ ಸಹ 192.168.1.1 ಅಂತಲೇ ಇದೆ, ಅದನ್ನು ಮೊದಲು ಬದಲಿಸಬೇಕು ಅಲ್ವಾ?

ತಂತಿಭಟ್ಟ
ಹೌದು. ಕೇಬಲ್ ಸಿಕ್ಕಿಸುವ ಮೊದಲೇ, ಲ್ಯಾಪ್‌ಟಾಪ್‌ಗೆ ಒಂಟಿಯಾಗಿ ಕಟ್ಟಿ ಬದಲಿಸಿ. ಇನ್ನೊಂದು ಎಚ್ಚರ. 841 ಅನ್ನು ವೈಫೈ ಬ್ರಿಡ್ಜ್ ಆಗಿಯೂ ಬಿಟ್ಟು ಅದಕ್ಕೇ ಓಎನ್‌ಟಿಯಿಂದ ಕೇಬಲ್ಲನ್ನೂ ಕೊಟ್ಟರೆ ಲೂಪ್ ಆಗುತ್ತದೆ. ಒಂದೇ ಪ್ಯಾಕೆಟ್ ಸುತ್ತುತ್ತಾ ಸುತ್ತುತ್ತಾ ಇಡೀ ಮನೆಯ ನೆಟ್ ನಿಲ್ಲುತ್ತದೆ. ಎರಡರಲ್ಲಿ ಒಂದೇ ದಾರಿ ಇರಲಿ.

ಸುಮ್ನೆಓದುಗ
ಎಡಿಎಸ್ಎಲ್ ಅಂದ ಕೂಡಲೇ ಡೇಟಾಒನ್ ಬ್ರಾಡ್‌ಬ್ಯಾಂಡ್ ನೆನಪಾಯಿತು. 2005ರಲ್ಲಿ ಬಿಎಸ್ಸೆನ್ನೆಲ್ 256 ಕೆಬಿಪಿಎಸ್ ಕೊಟ್ಟಾಗ ನಾವು ರಾಜರು. ಆಮೇಲೆ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಡೌನ್‌ಲೋಡ್ ಲೆಕ್ಕವಿಲ್ಲ ಅಂತ ಪ್ಲಾನ್ ಬಂತು. ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮತ್ತೆ ಮಲಗುತ್ತಿದ್ದೆವು.

ಹುಬ್ಬಳ್ಳಿಮಂದಿ
ಹಚ್ಚಿ ಮಲಗಿದರೆ 8ಕ್ಕೆ ಏಳಬೇಕಲ್ರೀ ನಿಲ್ಲಿಸಲಿಕ್ಕೆ! ಅಪ್ಪನ ಬಿಲ್ ನೋಡಬೇಕಿತ್ತು ನೀವು.

ಜಯನಗರ4
ನಾನು ಹೇಳಿದ ಮೆಶ್ ಬೇಡ ಅಂದಿರಿ. ಒಂದು ಪ್ರಶ್ನೆ. ಈ ಹಳೆ ಡಬ್ಬಗಳಿಗೆ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಅಪ್‌ಡೇಟ್ ನಿಂತು ವರ್ಷಗಳಾಗಿವೆ. ಭದ್ರತೆ?

ತಂತಿಭಟ್ಟ
ಆಕ್ಸೆಸ್ ಪಾಯಿಂಟ್ ಆಗಿ ಒಳಗೆ ಕೂತಿರುತ್ತದೆ. ಹೊರಗಿನ ಇಂಟರ್ನೆಟ್‌ಗೆ ಮುಖ ಕೊಡುವುದು ಓಎನ್‌ಟಿ. ಏನೂ ಆಗುವುದಿಲ್ಲ.

ಪ್ಯಾಕೆಟ್‌ಪಾರಿವಾಳ
"ಏನೂ ಆಗುವುದಿಲ್ಲ" ಅನ್ನುವಷ್ಟು ಸಲೀಸಲ್ಲ. 2017ರ ಅಕ್ಟೋಬರ್‌ನಲ್ಲಿ ಕ್ರ್ಯಾಕ್ ಅನ್ನುವ ದೋಷ ಬಯಲಾಯಿತು, ಬೆಲ್ಜಿಯಂನ ಸಂಶೋಧಕ ಮ್ಯಾಥಿ ವ್ಯಾನ್‌ಹೂಫ್ ಹುಡುಕಿದ್ದು. ಡಬ್ಲ್ಯುಪಿಎ2 ಕೈಕುಲುಕುವಿಕೆಯಲ್ಲಿ (ವೈಫೈ ಸೇರುವಾಗಿನ ಕೀಲಿ ವಿನಿಮಯ) ಅದು ಮುಖ್ಯವಾಗಿ ಏಟು ಕೊಡುವುದು ಕ್ಲೈಂಟ್ ಕಡೆಗೆ, ಅಂದರೆ ಫೋನ್, ಲ್ಯಾಪ್‌ಟಾಪ್. ಬರೀ ಆಕ್ಸೆಸ್ ಪಾಯಿಂಟ್ ಆಗಿರುವ ಹಳೆ ರೌಟರ್‌ಗೆ ಚಿಂತೆ ಕಡಿಮೆ. ಆದರೆ ಅದೇ ರೌಟರ್ ಬ್ರಿಡ್ಜ್ ಆದಾಗ ಓಎನ್‌ಟಿಗೆ ಅದೇ ಕ್ಲೈಂಟ್! ಶೆಡ್‌ನ 841ಕ್ಕೆ ಇದು ತಾಗುತ್ತದೆ. ಕಂಪನಿ ಸೈಟ್‌ನಲ್ಲಿ ನಿಮ್ಮ ಹಾರ್ಡ್‌ವೇರ್ ವರ್ಷನ್‌ಗೆ ಆ ದಿನಾಂಕದ ನಂತರದ ಫರ್ಮ್‌ವೇರ್ ಇದೆಯಾ ನೋಡಿ. ವರ್ಷನ್ ನಂಬರ್ ಡಬ್ಬಿಯ ಅಡಿಯ ಸ್ಟಿಕ್ಕರ್‌ನಲ್ಲಿರುತ್ತದೆ. ಬೇರೆ ವರ್ಷನ್ನಿನದು ಹಾಕಿದರೆ ಡಬ್ಬಿ ಕೆಟ್ಟು ಇಟ್ಟಿಗೆ ಆಗುತ್ತದೆ.

ದಾಳಿ ಮಾಡುವವನು ಸಿಗ್ನಲ್ ಸಿಗುವಷ್ಟು ಹತ್ತಿರ ಇರಬೇಕು. ಸಾಗರದ ತೋಟದ ಮಧ್ಯೆ ಅಂಥವನು ಬಂದರೆ ನಾಯಿ ಮೊದಲು ಬೊಗಳುತ್ತದೆ. ಜಯನಗರದ ಅಪಾರ್ಟ್‌ಮೆಂಟ್‌ನಲ್ಲಿ ಹಾಗಲ್ಲ. ಎಲ್ಲಿದ್ದರೂ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಬಟನ್ ಅಥವಾ ಪಿನ್ ನಂಬರಿನಿಂದ ವೈಫೈ ಸೇರುವ ಸೌಲಭ್ಯ) ಆಫ್ ಮಾಡಿ.

ಜಯನಗರ4
ಅಂದರೆ ನನ್ನ ಪ್ರಶ್ನೆ ಸರಿ ಇತ್ತು. ಒಪ್ಪಿಕೊಂಡಿರಲ್ಲ, ಸಾಕು 😄

ಕುಡ್ಲದವ
841ಕ್ಕೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ಫರ್ಮ್‌ವೇರ್ ಹಾಕಿದರೆ ಎಲ್ಲಾ ಸರಿಯಾಗುವುದಿಲ್ಲವಾ?

ಪ್ಯಾಕೆಟ್‌ಪಾರಿವಾಳ
ಹಳೆ 841ರಲ್ಲಿ 4 ಎಂಬಿ ಫ್ಲಾಶ್, 32 ಎಂಬಿ ರ‍್ಯಾಮ್. ಈಗಿನ ಓಪನ್‌ಡಬ್ಲ್ಯುಆರ್‌ಟಿಗೆ ಅದು ಸಾಲುವುದಿಲ್ಲ, 4/32 ಡಬ್ಬಗಳನ್ನು ಅವರು ಕೈಬಿಟ್ಟು ಬಹಳ ಕಾಲ ಆಯಿತು. 8 ಎಂಬಿ ಫ್ಲಾಶ್, 64 ಎಂಬಿ ರ‍್ಯಾಮ್ ಆದರೂ ಬೇಕು, ಅದೂ ಹಿಂಡಿಹಿಂಡಿ. ಇವೆಲ್ಲ ಶುರುವಾದದ್ದು 2002ರ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿಯಿಂದ. ಒಳಗೆ ಲಿನಕ್ಸ್ ಇದೆ ಅಂತ ಗೊತ್ತಾಗಿ, ಜಿಪಿಎಲ್ ಲೈಸೆನ್ಸ್ ಪ್ರಕಾರ ಕಂಪನಿ ಕೋಡ್ ಹೊರಹಾಕಬೇಕಾಯಿತು. ಹೆಸರಿನ 'ಡಬ್ಲ್ಯುಆರ್‌ಟಿ' ಉಳಿದದ್ದು ಅಲ್ಲಿಂದಲೇ.

ಮಲೆನಾಡಮನೆ
ಮಾಳಿಗೆ ಕೆಲಸ ಮುಗಿಯಿತು. ತಂಗಿ ಖುಷಿ. ಆದರೆ ಹೊಸ ತಕರಾರು: ಅವಳು ಕೆಳಗಿಂದ ಮೇಲೆ ಹೋದರೂ ಫೋನ್ ಜಗಲಿಯ ವೈಫೈಯನ್ನೇ ಹಿಡಿದು ಜೋತಾಡುತ್ತಿರುತ್ತದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿದ್ದೇನೆ.

ತಂತಿಭಟ್ಟ
ಹೆಸರು ಒಂದೇ ಇದ್ದದ್ದು ಒಳ್ಳೆಯದು. ಯಾವಾಗ ಬದಲಾಗಬೇಕು ಅಂತ ನಿರ್ಧರಿಸುವುದು ಫೋನ್, ರೌಟರ್ ಅಲ್ಲ. ಓಎನ್‌ಟಿಯಲ್ಲಿ 2.4ರ ಟ್ರಾನ್ಸ್‌ಮಿಟ್ ಪವರ್ ಒಂದು ಹಂತ ಇಳಿಸಿ ನೋಡಿ. ದೂರದ ಸಿಗ್ನಲ್ ಸೊರಗಿದರೆ ಫೋನ್ ತಾನೇ ಬಿಡುತ್ತದೆ. ಮೇಲಿನದಕ್ಕೆ ಚಾನೆಲ್ 1 ಅಥವಾ 11 ಕೊಡಿ, ಎರಡೂ 6ರಲ್ಲಿ ಬೇಡ.

ಜಯನಗರ4
ಇಲ್ಲಿ ಮೆಶ್ ಗೆಲ್ಲುತ್ತದೆ ನೋಡಿ. 802.11ಕೆ, ವಿ ಅನ್ನುವ ಸೌಲಭ್ಯಗಳಿದ್ದರೆ ಪೆಟ್ಟಿಗೆಯೇ ಫೋನಿಗೆ "ಆ ಕಡೆ ಹೋಗು" ಅಂತ ಸೂಚಿಸುತ್ತದೆ.

ಪ್ಯಾಕೆಟ್‌ಪಾರಿವಾಳ
ಈ ಮಾತು ಒಪ್ಪುತ್ತೇನೆ. ಸೂಚಿಸುತ್ತದೆ ಅಷ್ಟೇ, ಫೋನ್ ಕೇಳಲೇಬೇಕು ಅಂತಿಲ್ಲ. ಆದರೂ ಹಳೆ ಡಬ್ಬಗಳಿಗೆ ಇದು ಬರುವುದೇ ಇಲ್ಲ. ಓಎನ್‌ಟಿ ಪವರ್ ಇಳಿಸುವಾಗ ಶೆಡ್‌ನ ಬ್ರಿಡ್ಜ್ ನೆನಪಿರಲಿ, ಅದೂ ಇದೇ 2.4ರಿಂದ ಕುಡಿಯಬೇಕು.

ಅಡಿಕೆಗೊನೆ
ಶೆಡ್‌ನ 841 ಕಿಟಕಿಯಲ್ಲಿ ಇಡಿ, ಜಗಲಿ ಕಾಣುವ ಹಾಗೆ. ಶೀಟಿನ ಗೋಡೆ ಹಿಂದೆ ಇಟ್ಟರೆ ಏನೂ ಬರುವುದಿಲ್ಲ, ತಗಡು ಸಿಗ್ನಲ್ ಬಿಡುವುದಿಲ್ಲ. ಆಗಲೂ ಆಗದಿದ್ದರೆ ಟಿಪಿ-ಲಿಂಕ್ ಸಿಪಿಇ210 ಥರದ ಹೊರಾಂಗಣ ಪೆಟ್ಟಿಗೆ ಒಂದು ಜೊತೆ ತನ್ನಿ. ಒಂದೇ ದಿಕ್ಕಿಗೆ ಮುಖ ಮಾಡುವ ಆಂಟೆನಾ, 50 ಮೀಟರ್ ಅದಕ್ಕೆ ಆಟ. ನಾವು ತೋಟದ ಪಂಪ್‌ಹೌಸ್‌ಗೆ ಹಾಕಿದ್ದು ಅದೇ. ಮಧ್ಯೆ ಅಡಿಕೆ ಮರ ಬರದಂತೆ ನೋಡಿ, ಒದ್ದೆ ಸೋಗೆ ಸಿಗ್ನಲ್ ನುಂಗುತ್ತದೆ.

ಮಲೆನಾಡಮನೆ
ಅಂಗಳ ಪೂರ್ತಿ ಬಯಲು, ಜಗಲಿಯಿಂದ ಶೆಡ್ ಕಿಟಕಿ ಕಾಣುತ್ತದೆ. ಓಎನ್‌ಟಿ ಪವರ್ ಹಾಗೇ ಬಿಟ್ಟು ಮೇಲಿನ ಚಾನೆಲ್ ಮಾತ್ರ 11 ಮಾಡಿದೆ. 841 ಈಗ ಶೆಡ್ ಕಿಟಕಿಯಲ್ಲಿದೆ, ಅದರ ವೈಫೈ ಪ್ರಸಾರ ಆಫ್ ಮಾಡುವ ಆಯ್ಕೆ ಸಿಗಲಿಲ್ಲ, ಹಾಗೇ ಬಿಟ್ಟಿದ್ದೇನೆ. ಕ್ಯಾಮೆರಾ ತಂತಿಯಲ್ಲೇ ಇದೆ. ಚಿತ್ರ ಬರುತ್ತಿದೆ.

ಪ್ಯಾಕೆಟ್‌ಪಾರಿವಾಳ
ಪ್ರಸಾರ ಇದ್ದರೂ ಯಾರೂ ಅದಕ್ಕೆ ಸೇರದಿದ್ದರೆ ಗಾಳಿ ಖರ್ಚು ಅತಿ ಕಡಿಮೆ. ಬೇರೆ ಹೆಸರು ಕೊಟ್ಟುಬಿಡಿ, ಫೋನ್‌ಗಳು ಅಂಗಳದಲ್ಲಿ ಅದಕ್ಕೆ ಹಾರುವುದು ತಪ್ಪುತ್ತದೆ.

ಮ್ಯೂನಿಕ್‌ಮೈಸೂರು
ಎರಡು ಹಳೆ ಡಬ್ಬಿ ಹಗಲೂ ರಾತ್ರಿ ಓಡಿದರೆ ಕರೆಂಟ್ ಬಿಲ್? ಇಲ್ಲಿ ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ.

ಹುಬ್ಬಳ್ಳಿಮಂದಿ
ಒಂದು ಡಬ್ಬಿ 5 ವ್ಯಾಟ್ ಅಂತ ಹಿಡಿಯಿರಿ. ತಿಂಗಳಿಗೆ 3.6 ಯೂನಿಟ್. ಬಿಲ್‌ನಲ್ಲಿ ಹುಡುಕಿದರೂ ಕಾಣಲಿಕ್ಕಿಲ್ಲ. ಹಳೆ ರೌಟರ್ ಪದೇಪದೇ ರೀಸ್ಟಾರ್ಟ್ ಆದರೆ ಮೊದಲು ಅಡಾಪ್ಟರ್ ಬದಲಿಸಿ ನೋಡ್ರಿ. ಸಾಯುವುದು ಅದೇ, ರೌಟರ್ ಅಲ್ಲ.

ಮಲೆನಾಡಮನೆ
ಅಡಾಪ್ಟರ್ ಅಂದಿರಲ್ಲ, ಶೆಡ್‌ನಲ್ಲಿ ಕರೆಂಟ್ ಹೋದರೆ ಕ್ಯಾಮೆರಾ ಇದ್ದೂ ಇಲ್ಲ. ರೌಟರ್‌ಗೆ ಸಿಗುವ ಸಣ್ಣ 12 ವೋಲ್ಟ್ ಯುಪಿಎಸ್ 841ಕ್ಕೆ ಹಾಕಬಹುದಾ?

ಹುಬ್ಬಳ್ಳಿಮಂದಿ
ಬೇಡ! 841ರ ಅಡಾಪ್ಟರ್ ನೋಡಿ, 9 ವೋಲ್ಟ್ ಅಂತ ಬರೆದಿರುತ್ತದೆ. 9 ಮತ್ತು 12 ಎರಡೂ ಇರುವ ಯುಪಿಎಸ್ ಸಿಗುತ್ತದೆ, ಅದನ್ನೇ ಕೇಳಿ. ಕ್ಯಾಮೆರಾ 12, ರೌಟರ್ 9. ಪಿನ್ ಒಂದೇ ಅಳತೆ ಇರುತ್ತದೆ, ಆದ್ದರಿಂದ ವೈರ್‌ಗೆ ಬಣ್ಣದ ಟೇಪ್ ಸುತ್ತಿಡಿ.

ಮಲೆನಾಡಮನೆ
ಸರಿ, ನಾಳೆ ಪೇಟೆಗೆ ಹೋಗುವಾಗ ತರುತ್ತೇನೆ. ಪಾರಿವಾಳ ಅವರೇ, ಅಡಿಕೆ ಕಳಿಸಲು ಊರು ಯಾವುದು ಹೇಳಿ.

ಪ್ಯಾಕೆಟ್‌ಪಾರಿವಾಳ
ನಾನು ಎಲೆ ಅಡಿಕೆ ಹಾಕುವುದಿಲ್ಲ. ಜೋನಿಬೆಲ್ಲ ಇದ್ದರೆ ಮಾತಾಡೋಣ.